ಅತ್ತಿಗೆಯ ಎಡಹುಬ್ಬು

ನಮ್ಮ ಅತ್ತಿಗೆಗೆ ಸುಳ್ಳು ಹೇಳಲು ಬರುವುದಿಲ್ಲ. ಬಾಯಿಗೆ ಬರುತ್ತದೆ, ಮುಖಕ್ಕೆ ಬರುವುದಿಲ್ಲ. "ತುಂಬಾ ಚೆನ್ನಾಗಿದೆ" ಎಂದು ಬಾಯಿ ಹೇಳುತ್ತಿರುವಾಗಲೇ ಎಡಹುಬ್ಬು ಮೆಲ್ಲಗೆ ಮೇಲಕ್ಕೆ ಹತ್ತಿ, ಹಣೆಯ ಅರ್ಧಕ್ಕೆ ಹೋಗಿ ನಿಂತು, ಅಲ್ಲಿಂದ ಎಲ್ಲರಿಗೂ ನಿಜ ಹೇಳಿಬಿಡುತ್ತದೆ. ನಿಜಕ್ಕೂ ಮನಸ್ಸಿಗೆ ಹಿಡಿಸಿದರೆ ಮೂಗಿನ ಹೊಳ್ಳೆ ಅರಳುತ್ತದೆ. ಅಣ್ಣನದು ಟೈಲರ್ ಅಂಗಡಿ. ಮದುವೆಯಾದ ಹೊಸತರಲ್ಲಿ ಅತ್ತಿಗೆ ರಜೆಯ ದಿನ ಅಲ್ಲಿ ಹೋಗಿ ಕೂರುತ್ತಿದ್ದರು. ಗಿರಾಕಿ ಹೊಸ ಕೋಟು ತೊಟ್ಟು ಕನ್ನಡಿ ನೋಡುವುದು, ಆಮೇಲೆ ಅತ್ತಿಗೆಯ ಮುಖ ನೋಡುವುದು, ಕೋಟು ಬಿಚ್ಚಿ ಮೇಜಿನ ಮೇಲಿಟ್ಟು "ಭುಜ ಒಂಚೂರು ಸರಿಮಾಡಿ ಕೊಡಿ" ಎಂದು ಹೊರಟುಹೋಗುವುದು ಶುರುವಾಯಿತು. ಅಣ್ಣ ಸ್ವಲ್ಪ ದಿನ ಸಹಿಸಿದ. ಆಮೇಲೆ, "ನಿನಗೆ ಎಷ್ಟು ಬೇಕಾದ್ರೂ ಬಟ್ಟೆ ಹೊಲಿದುಕೊಡ್ತೀನಿ, ಅಂಗಡಿಗೆ ಮಾತ್ರ ಬರಬೇಡ" ಎಂದು ಅಂಗಲಾಚಿದ. ಮನೆಯಲ್ಲಿ ಇಸ್ಪೀಟಿಗೆ ಕೂತರೆ ಅತ್ತಿಗೆ ಯಾರ ಎದುರಾಳಿ ಎಂಬುದಕ್ಕೇ ಜಗಳ ನಡೆಯುತ್ತಿತ್ತು, ಏಕೆಂದರೆ ಅವರೆದುರು ಆಡುವವರು ಸೋತ ಉದಾಹರಣೆಯೇ ಇರಲಿಲ್ಲ.

ಈ ಹುಬ್ಬು ನಮಗೆಲ್ಲ ಮನೆಯೊಳಗಿನ ತಮಾಷೆಯಾಗಿತ್ತು. ಅದು ದಿನಾ ಬೆಳಿಗ್ಗೆ ಅತ್ತಿಗೆಯ ಜೊತೆ ಶಾಲೆಗೂ ಹೋಗುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ. ಅದೇ ಶಾಲೆಯಲ್ಲಿ, ಪಕ್ಕದ ಕೋಣೆಯಲ್ಲಿ ಪಾಠ ಮಾಡುವ ನನಗೂ ಹೊಳೆಯಲಿಲ್ಲ ಎಂದರೆ ನನ್ನ ಬುದ್ಧಿಯನ್ನು ನೀವೇ ಅಳೆದುಕೊಳ್ಳಿ.

ಅತ್ತಿಗೆ ನಾಲ್ಕನೇ ಕ್ಲಾಸಿನ ಟೀಚರ್, ನಾನು ಮೂರನೆಯದಕ್ಕೆ. ನಡುವೆ ಇರುವುದು ಪ್ಲೈವುಡ್ ಗೋಡೆ. ಈ ಕಡೆ ಕೆಮ್ಮಿದರೆ ಆ ಕಡೆಯ ಮಗು ತಲೆ ಎತ್ತುತ್ತದೆ. ನಮ್ಮದು ಸಣ್ಣ ಶಾಲೆ. ಒಂದು ಉದ್ದನೆಯ ಮೊಗಸಾಲೆ, ಅದರ ಬದಿಗೆ ಸಾಲಾಗಿ ಕೋಣೆಗಳು, ಕೊನೆಯಲ್ಲಿ ಹೆಡ್ ಮಾಸ್ತರರ ರೂಮು. ಅವರನ್ನು ಎಲ್ಲರೂ ದೊಡ್ಡ ಸರ್ ಎನ್ನುತ್ತಾರೆ. ಆಳು ಕುಳ್ಳ, ಚಿಂತೆ ದೊಡ್ಡದು.

ನಾಲ್ಕನೇ ಕ್ಲಾಸಿಗೆ ವರ್ಷದ ಕೊನೆಯಲ್ಲಿ ಒಂದು ಮಟ್ಟ ಪರೀಕ್ಷೆ ಇರುತ್ತದೆ. ಪ್ರಶ್ನೆಪತ್ರಿಕೆ ನಾವು ಮಾಡುವುದಲ್ಲ, ಮೇಲಿನಿಂದ ಸೀಲ್ ಹಾಕಿದ ಕವರಿನಲ್ಲಿ ಬರುತ್ತದೆ. ಎಲ್ಲ ಶಾಲೆಗಳಲ್ಲೂ ಒಂದೇ ದಿನ, ಒಂದೇ ಹೊತ್ತಿಗೆ, ಅದೇ ಪ್ರಶ್ನೆಗಳು. ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ, ಪ್ರತಿ ಉತ್ತರದ ಪಕ್ಕ ಒಂದು ಪುಟ್ಟ ವೃತ್ತ. ಸರಿಯಾದ ವೃತ್ತವನ್ನು ಮಗು ಪೆನ್ಸಿಲಿನಲ್ಲಿ ತುಂಬಬೇಕು. ತಿದ್ದುವುದು ಯಂತ್ರ. ಆಮೇಲೆ ಎಲ್ಲ ಶಾಲೆಗಳ ಸರಾಸರಿ ತೆಗೆದು ಒಂದು ಗೆರೆ ಎಳೆಯುತ್ತಾರೆ. ಯಾವ ಶಾಲೆ ಗೆರೆಯ ಮೇಲೆ, ಯಾವುದು ಕೆಳಗೆ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಕೋಣೆಯಲ್ಲಿ ನಿಂತು ಪರೀಕ್ಷೆ ನಡೆಸುತ್ತಿದ್ದವರೂ ಅತ್ತಿಗೆಯೇ. ಅವರ ಮಕ್ಕಳು ವರ್ಷ ವರ್ಷವೂ ಗೆರೆಯಿಂದ ಎಷ್ಟೋ ಮೇಲೆ ಇರುತ್ತಿದ್ದರು. ತಪ್ಪಿದರೂ ಎಲ್ಲರೂ ಒಂದೇ ಪ್ರಶ್ನೆಗೆ ತಪ್ಪುತ್ತಿದ್ದರು. ದೊಡ್ಡ ಸರ್ ಅದನ್ನು ಶಿಸ್ತು ಎಂದು ಕರೆದು, ಬಂದವರ ಮುಂದೆಲ್ಲ ಹೇಳಿಕೊಂಡು ಉಬ್ಬುತ್ತಿದ್ದರು.

ಆ ವರ್ಷ ಪರೀಕ್ಷೆ ಹತ್ತಿರವಾದಾಗ ಮೇಲಿನಿಂದ ಎರಡು ಆದೇಶ ಬಂದವು. ದೊಡ್ಡ ಸರ್ ನಮ್ಮನ್ನು ರೂಮಿಗೆ ಕರೆದು ನಿಂತುಕೊಂಡೇ ಓದಿದರು. ಒಂದು: ಗೆರೆಯ ಕೆಳಗೆ ಬಿದ್ದ ಸಣ್ಣ ಶಾಲೆಗಳನ್ನು ಮುಚ್ಚಿ ದೊಡ್ಡ ರಸ್ತೆಯಾಚೆಯ ಶಾಲೆಗೆ ಸೇರಿಸಲಾಗುವುದು. ಎರಡು: ಪರೀಕ್ಷೆಯ ದಿನ ಯಾವ ಶಿಕ್ಷಕರೂ ತಮ್ಮ ಸ್ವಂತ ತರಗತಿಯ ಕೋಣೆಯಲ್ಲಿ ಇರುವಂತಿಲ್ಲ.

"ಮೊದಲನೇದು ನಮಗೆ ಸಂಬಂಧ ಇಲ್ಲ, ಮೇಡಂ ಇದಾರೆ," ಎಂದು ಅತ್ತಿಗೆಯ ಕಡೆ ನೋಡಿ ನಕ್ಕರು. "ಎರಡನೇದಕ್ಕೆ ನೀವಿಬ್ರೂ ಕ್ಲಾಸು ಅದಲು ಬದಲು ಮಾಡ್ಕೊಂಡ್ರೆ ಆಯ್ತು."

ಆಯಿತು ಎಂದುಕೊಂಡೆವು. ಅದಲು ಬದಲಿಗೆ ಮಕ್ಕಳು ಒಗ್ಗಲಿ ಎಂದು ಒಂದು ದಿನ ತಾಲೀಮು ಇಟ್ಟರು. ಹಳೆಯ ಪ್ರಶ್ನೆಪತ್ರಿಕೆ ಹಂಚಿ ನಾನು ಅತ್ತಿಗೆಯ ಕ್ಲಾಸಿನಲ್ಲಿ ನಿಂತೆ.

ಮೊದಲು ತಲೆ ಎತ್ತಿದವಳು ಗಿಣಿ. ಲಾಂಡ್ರಿಯವಳ ಮಗಳು, ಮಾತು ನಿಲ್ಲಿಸುವುದಿಲ್ಲವಾದ್ದರಿಂದ ಇಡೀ ಶಾಲೆಗೆ ಗಿಣಿ. ಪೆನ್ಸಿಲ್ ಹಿಡಿದು ನನ್ನನ್ನೇ ನೋಡಿದಳು. ನೀರು ಬೇಕಾ ಎಂದೆ. ಬೇಡವೆಂದು ತಲೆಯಾಡಿಸಿದಳು, ನೋಡುವುದನ್ನು ಮಾತ್ರ ಬಿಡಲಿಲ್ಲ. ಅಷ್ಟರಲ್ಲಿ ಅವಳ ಪಕ್ಕದವನು ತಲೆ ಎತ್ತಿದ. ಹಿಂದಿನ ಬೆಂಚಿನವರು ಎತ್ತಿದರು. ಕೊನೆಗೆ ಇಡೀ ಕ್ಲಾಸು ನನ್ನ ಮುಖ ನೋಡುತ್ತ ಕೂತಿತ್ತು. ಪೆನ್ಸಿಲಿನ ತುದಿ ಮೊದಲ ವೃತ್ತದ ಮೇಲೆ ನಿಲ್ಲುವುದು, ಕಣ್ಣು ನನ್ನ ಮುಖಕ್ಕೆ ಬರುವುದು. ಎರಡನೆಯದಕ್ಕೆ ಜರುಗುವುದು, ಮತ್ತೆ ಕಣ್ಣು ನನ್ನ ಮುಖಕ್ಕೆ. ಹಳೆಯ ರೇಡಿಯೋದ ಕಿವಿ ತಿರುವಿ ಸ್ಟೇಷನ್ ಹುಡುಕುವ ಹಾಗಿತ್ತು. ನನಗೆ ತಲೆಬುಡ ತಿಳಿಯಲಿಲ್ಲ. ಮುಖಕ್ಕೆ ಏನಾದರೂ ಮೆತ್ತಿದೆಯೇ ಎಂದು ಒರೆಸಿಕೊಂಡೆ. ಗಂಟೆ ಹೊಡೆದಾಗ ಅರ್ಧಕ್ಕರ್ಧ ವೃತ್ತಗಳು ಖಾಲಿ ಉಳಿದಿದ್ದವು.

ತಿದ್ದಿ ನೋಡಿದ ದೊಡ್ಡ ಸರ್ ಮುಖದಲ್ಲಿ ರಕ್ತವಿರಲಿಲ್ಲ. ಗೆರೆಯ ಮಾತಿರಲಿ, ಗೆರೆ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲೂ ನಾವಿರಲಿಲ್ಲ.

ನಾನು ಅಣ್ಣನ ಮನೆಯ ಮಹಡಿಯಲ್ಲಿರುವವಳು. ಊಟ ಮಾತ್ರ ಕೆಳಗೆ, ಅವರ ಜೊತೆ. ಅವತ್ತು ತಟ್ಟೆ ಇಡುವ ಮೊದಲೇ ಅತ್ತಿಗೆ ಶುರುಮಾಡಿದರು.

"ಏನು ಮಾಡಿದೆ ನನ್ನ ಮಕ್ಕಳಿಗೆ? ಗದರಿಸಿದ್ಯಾ?"

"ನಾನ್ಯಾಕೆ ಗದರಿಸ್ಲಿ ಅತ್ತಿಗೆ? ಬಾಯೇ ಬಿಡಲಿಲ್ಲ."

"ನೀನು ಬಾಯಿ ಬಿಡಬೇಕಾಗಿಲ್ಲ. ನಿನ್ನ ಮುಖ ನೋಡಿದ್ರೆ ಸಾಕು, ಮಕ್ಕಳಿಗೆ ಬರೋದೂ ಮರೆತುಹೋಗುತ್ತೆ."

ನನಗೂ ಉರಿಯಿತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದುಬಿಟ್ಟೆ. ಅತ್ತಿಗೆ ಎದ್ದು ಒಳಗೆ ಹೋದರು. ಅಣ್ಣ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಯಾರದೋ ತೋಳಿಗೆ ಗುರುತು ಹಾಕುತ್ತಿದ್ದ. ನಮ್ಮಿಬ್ಬರ ಜಗಳದ ಹೊತ್ತಿಗೆ ಸರಿಯಾಗಿ ಅವನ ಬಾಯಲ್ಲಿ ಯಾವಾಗಲೂ ಗುಂಡುಸೂಜಿ ಇರುತ್ತದೆ.

ಮರುದಿನ ಪ್ಲೈವುಡ್ಡಿನ ಆಚೆ ಅತ್ತಿಗೆ ಮಕ್ಕಳನ್ನು ವಿಚಾರಿಸುವುದು ಕೇಳಿಸಿತು. ಯಾರಿಗೂ ಹುಷಾರಿರಲಿಲ್ಲವಾ, ಪ್ರಶ್ನೆ ಕಷ್ಟವಿತ್ತಾ, ಆ ಟೀಚರ್ ಬೈದರಾ? ಆಗ ಗಿಣಿಯ ದನಿ.

"ಬೈಲಿಲ್ಲ ಟೀಚರ್. ಆ ಟೀಚರ್ ಮುಖದಲ್ಲಿ ಏನೂ ಇರಲ್ಲ."

"ಏನೂ ಇರಲ್ಲ ಅಂದ್ರೆ?"

"ಸರೀನೂ ಇರಲ್ಲ, ತಪ್ಪೂ ಇರಲ್ಲ. ನಿಮ್ಮ ಮುಖದಲ್ಲಿ ಇರುತ್ತಲ್ಲ. ತಪ್ಪಾದ್ರೆ ಹುಬ್ಬು ಮೇಲೆ ಹೋಗುತ್ತೆ, ಸರಿಯಾದ್ರೆ ಮೂಗು ಬರುತ್ತೆ."

ಇಡೀ ಕ್ಲಾಸು ಹೌದು ಹೌದು ಎಂದಿತು. ಕದ್ದವರು ಒಪ್ಪಿಕೊಳ್ಳುವ ದನಿ ಅದಲ್ಲ. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ ಎಂದು ಹೇಳುವ ದನಿ. ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಹಾಗೇ ನಿಂತಿತು. ಅಂಗಡಿಯ ಕೋಟು, ಇಸ್ಪೀಟು, ನಿನ್ನೆಯ ಪೆನ್ಸಿಲುಗಳು ಎಲ್ಲ ಒಟ್ಟಿಗೆ ನೆನಪಾದವು. ನನ್ನ ಮಕ್ಕಳಿಗೆ ಮಗ್ಗಿ ಬರೆಯಲು ಹೇಳಿ ಆ ಕಡೆಯ ಬಾಗಿಲಿಗೆ ಹೋಗಿ ನಿಂತೆ.

ಅತ್ತಿಗೆ ನಂಬಲಿಲ್ಲ. ಗಿಣಿಯನ್ನು ಬೋರ್ಡಿಗೆ ಕರೆದು ಒಂದು ಭಾಗಾಕಾರ ಕೊಟ್ಟು, ತಾವು ಗೋಡೆಯ ಕಡೆ ತಿರುಗಿ ನಿಂತರು. ಸೀಮೆಸುಣ್ಣ ಟಕ ಟಕ ಎಂದು ಸ್ವಲ್ಪ ದೂರ ಹೋಗಿ ನಿಂತಿತು. ನಿಂತೇ ಇತ್ತು. ಕಾದು ಕಾದು ಅತ್ತಿಗೆ ತಿರುಗಿದರು. ಗಿಣಿ ಅವರ ಮುಖ ನೋಡುತ್ತ ಆರು ಎಂದು ಬರೆದಳು. ಹುಬ್ಬು ಹತ್ತಿತು. ಕೈಯಲ್ಲೇ ಒರೆಸಿ ಏಳು ಎಂದಳು. ಹುಬ್ಬು ಇಳಿಯಲಿಲ್ಲ. ಎಂಟು ಎಂದಾಗ ಮೂಗಿನ ಹೊಳ್ಳೆ ಅರಳಿತು, ಗಿಣಿ ಎಂಟನ್ನು ದಪ್ಪಗೆ ತಿದ್ದಿ ಹೋಗಿ ಕೂತಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಸ್ವಂತ ಹುಬ್ಬಿಗೆ ಬೇಕು. ಕನ್ನಡಿ ಇರಲಿಲ್ಲವಾಗಿ ಅತ್ತಿಗೆ ಇನ್ನೊಂದು ಲೆಕ್ಕ ಕೊಟ್ಟು, ಮಗು ತಪ್ಪು ಬರೆಯುವಾಗ ತಮ್ಮ ಹಣೆಯ ಮೇಲೆ ಬೆರಳಿಟ್ಟುಕೊಂಡರು. ಬೆರಳಿನ ಕೆಳಗೆ ಹುಬ್ಬು ತಾನೇ ತಾನಾಗಿ ಎದ್ದಿದ್ದು ಅವರಿಗೆ ತಿಳಿಯಿತು. ಅದನ್ನು ಒತ್ತಿ ಕೆಳಗೆ ತಳ್ಳಿದರು. ಬಿಟ್ಟೊಡನೆ ಮತ್ತೆ ಎದ್ದಿತು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚದೆ ಕೂತಿದ್ದರು. ನಾನು ಹೋಗಿ ಪಕ್ಕ ಕೂತೆ.

"ನಾನು ಇಷ್ಟು ವರ್ಷ ಲೆಕ್ಕ ಕಲಿಸಿಲ್ಲ ಕಣೆ," ಎಂದರು. "ನನ್ನ ಮುಖ ಓದೋದು ಕಲಿಸಿದೀನಿ."

ಹಿಂದಿನ ದಿನದ ಗಾದೆಯನ್ನು ನುಂಗಿಕೊಳ್ಳುವಂತಿದ್ದರೆ ನುಂಗುತ್ತಿದ್ದೆ. ಅಷ್ಟು ಸಂಕಟವಾಯಿತು.

ಅಂದಿನಿಂದ ಅತ್ತಿಗೆ ತಮ್ಮ ಮೇಜನ್ನು ಕ್ಲಾಸಿನ ಹಿಂದಕ್ಕೆ ಎಳೆಸಿ, ಮಕ್ಕಳ ಬೆನ್ನ ಹಿಂದೆ ನಿಂತು ಪಾಠ ಮಾಡತೊಡಗಿದರು. ಮಕ್ಕಳು ಕತ್ತು ತಿರುಗಿಸುವುದು, ಇವರು "ಮುಂದೆ ನೋಡಿ" ಎನ್ನುವುದು. ಒಬ್ಬನಿಗೆ ಕತ್ತು ಉಳುಕಿಯೇಬಿಟ್ಟಿತು. ಅಣ್ಣನ ಅಂಗಡಿಯಿಂದ ಒಂದು ಡಬ್ಬಿ ಗುಂಡಿಗಳನ್ನು ತಂದು ಹಂಚಿದರು. ಗೊತ್ತಾಗದ ಲೆಕ್ಕವನ್ನು ಗುಂಡಿ ಇಟ್ಟು, ಗೆರೆ ಎಳೆದು, ಕೈಗೆ ಸಿಕ್ಕಿದ್ದರಲ್ಲಿ ಮಾಡಿ ನೋಡಬೇಕು. "ಸರಿನಾ ಟೀಚರ್?" ಎಂದು ಯಾರಾದರೂ ಕೇಳಿದರೆ ಹಿಂದಿನಿಂದ ಒಂದೇ ಉತ್ತರ: "ನನ್ನ ಕೇಳಬೇಡ, ಗುಂಡೀನ ಕೇಳು." ಮಕ್ಕಳು ಅತ್ತರು. ಎರಡನೇ ಕ್ಲಾಸಿನಿಂದ ಬರುತ್ತಿದ್ದ ಕೂಡುವ ಲೆಕ್ಕವನ್ನೂ ಕೈಬಿಟ್ಟು ಕೂತವರಿದ್ದರು. ಒಂದು ಬೆಳಿಗ್ಗೆ ಗಿಣಿಯ ಅಮ್ಮ ಇಸ್ತ್ರಿಯ ಬಿಸಿ ಇನ್ನೂ ಆರದ ಕೈಯಲ್ಲೇ ಓಡಿಬಂದಳು.

"ಟೀಚರ್ ಮುಖ ತಿರುಗಿಸ್ಕೊಂಡಿದಾರೆ ಅಂತ ಮನೇಲಿ ಊಟ ಬಿಟ್ಟಿದಾಳೆ. ಏನು ತಪ್ಪು ಮಾಡಿದಾಳೆ ಹೇಳಿ, ನಾನೇ ಬುದ್ಧಿ ಹೇಳ್ತೀನಿ."

"ಅವಳೇನೂ ಮಾಡಿಲ್ಲಮ್ಮ," ಎಂದರು ಅತ್ತಿಗೆ. "ಪರೀಕ್ಷೆ ಮುಗೀಲಿ, ನಾನೇ ನಿಮ್ಮ ಮನೆಗೆ ಬಂದು ಎದುರಿಗೆ ಕೂತು ಊಟ ಮಾಡಿಸ್ತೀನಿ."

ಇನ್ನೊಂದು ತಾಲೀಮಾಯಿತು. ಖಾಲಿ ವೃತ್ತಗಳು ಕಡಿಮೆಯಾಗಿದ್ದವು. ಗೆರೆ ಈಗ ಕಣ್ಣಿಗೆ ಕಾಣುತ್ತಿತ್ತು, ಆದರೆ ನಾವಿನ್ನೂ ಅದರ ಕೆಳಗೇ ಇದ್ದೆವು. ಪರೀಕ್ಷೆಗೆ ಇನ್ನು ಒಂದು ವಾರವೂ ಇರಲಿಲ್ಲ.

ದೊಡ್ಡ ಸರ್ ನಮ್ಮಿಬ್ಬರನ್ನೂ ಕರೆದು ಬಾಗಿಲು ಹಾಕಿದರು. ಹುಬ್ಬಿನ ಸಂಗತಿ ಅಷ್ಟರಲ್ಲಿ ಅವರಿಗೂ ಗೊತ್ತಾಗಿತ್ತು.

"ನೋಡಿ ಮೇಡಂ. ಕೋಣೆ ಒಳಗೆ ಇರಬಾರದು ಅಂತ ಆದೇಶ ಇದೆ. ಹೊರಗೆ ಇರಬಾರದು ಅಂತ ಎಲ್ಲೂ ಇಲ್ಲ. ಮೊಗಸಾಲೆಯಲ್ಲಿ, ಕಿಟಕಿ ಎದುರಿಗೆ ಒಂದು ಕುರ್ಚಿ ಹಾಕಿಸ್ತೀನಿ. ಮಕ್ಕಳಿಗೆ ನೀರು ಕೊಡೋಕೆ ಅಂತ ನೀವು ಅಲ್ಲಿ ಕೂತಿರಿ. ಮಾತಾಡಬೇಡಿ, ಸನ್ನೆ ಮಾಡಬೇಡಿ. ಸುಮ್ಮನೆ ಕೂತಿರಿ."

"ನನಗೆ ಅಷ್ಟು ದೂರದಿಂದ ಅವರ ಉತ್ತರ ಕಾಣಲ್ಲ ಸರ್."

"ಅವರು ಬೆರಳು ಎತ್ತಿ ತೋರಿಸ್ತಾರೆ. ಒಂದನೇ ವೃತ್ತಕ್ಕೆ ಒಂದು ಬೆರಳು, ಎರಡನೇದಕ್ಕೆ ಎರಡು. ಪ್ರಶ್ನೆಪತ್ರಿಕೆ ಒಂದು ಪ್ರತಿ ನಿಮ್ಮ ಕೈಲಿರುತ್ತೆ. ಮಕ್ಕಳಿಗೆ ನಾನು ಹೇಳಿಕೊಡ್ತೀನಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನಗೆ ಅಸಹ್ಯವಾಯಿತು. ಆದರೆ ದೊಡ್ಡ ಸರ್ ಕಣ್ಣಲ್ಲಿ ನೀರಿತ್ತು. ಶಾಲೆ ಮುಚ್ಚಿದರೆ ಆ ಪುಟ್ಟ ಮಕ್ಕಳು ಲಾರಿಗಳು ಓಡುವ ರಸ್ತೆ ದಾಟಿ ಹೋಗಬೇಕೆಂಬುದು ಸುಳ್ಳಾಗಿರಲಿಲ್ಲ. ಅತ್ತಿಗೆ ಆಗಲಿ ಎನ್ನಲಿಲ್ಲ. ಆಗುವುದಿಲ್ಲ ಎಂದೂ ಅನ್ನಲಿಲ್ಲ. "ಮಕ್ಕಳಿಗೆ ನೀವೇನೂ ಹೇಳಬೇಡಿ ಸರ್, ನಾನೇ ನೋಡ್ಕೋತೀನಿ" ಎಂದು ಎದ್ದರು. ಹುಬ್ಬು ಅರ್ಧದಲ್ಲಿ ನಿಂತಿತ್ತು, ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ಅವರ ಮುಖ ನನಗೆ ಅರ್ಥವಾಗದೇ ಹೋದದ್ದು ಅದೇ ಮೊದಲು.

ಮನೆಗೆ ಹೋಗುವ ದಾರಿಯಲ್ಲಿ ಅಣ್ಣನ ರಕ್ತದೊತ್ತಡದ ಮಾತ್ರೆ ಕೊಳ್ಳಲು ಔಷಧಿ ಅಂಗಡಿಗೆ ಹೋದೆವು. ಅಲ್ಲಿ ಮಾತ್ರೆ ಕೊಡುವ ಹುಡುಗಿ ಒಂದು ಕಾಲಕ್ಕೆ ಅತ್ತಿಗೆಯ ಕ್ಲಾಸಿಗೇ ಮೊದಲು ಬಂದವಳು. ಅತ್ತಿಗೆಯನ್ನು ಕಂಡರೆ ಅವಳಿಗೆ ಬಲು ಗೌರವ. ಮಾತ್ರೆ ಕೊಡುವಾಗೆಲ್ಲ ಅವರ ಮುಖವನ್ನೇ ನೋಡುತ್ತಿರುತ್ತಾಳೆ. ಅವತ್ತೂ ಚೀಟಿ ಓದಿ, ಒಳಗಿಂದ ಒಂದು ಪಟ್ಟಿ ಮಾತ್ರೆ ತಂದು ಗಾಜಿನ ಮೇಲಿಟ್ಟು ಮುಖ ನೋಡಿದಳು. ಅಷ್ಟರಲ್ಲಿ ನಮ್ಮ ಬೆನ್ನ ಹಿಂದೆ ಯಾವುದೋ ಬಸ್ಸು ಕಿವಿ ಕಿತ್ತುಹೋಗುವಂತೆ ಹಾರ್ನ್ ಹೊಡೆಯಿತು. ಅತ್ತಿಗೆ ಬೆಚ್ಚಿದರು, ಹುಬ್ಬು ಛಂಗನೆ ಮೇಲೇರಿತು. ಹುಡುಗಿ ತಟ್ಟನೆ ಆ ಪಟ್ಟಿಯನ್ನು ಹಿಂದಕ್ಕೆ ತೆಗೆದುಕೊಂಡು, ಪಕ್ಕದ ಖಾನೆಯಿಂದ ಅಂಥದೇ ಇನ್ನೊಂದನ್ನು ತಂದು ಕೈಗೆ ಕೊಟ್ಟಳು.

ಅತ್ತಿಗೆ ಅದನ್ನು ಹಿಡಿದುಕೊಂಡೇ ನಿಂತರು. "ಯಾಕೆ ಬದಲಾಯಿಸಿದೆ?"

"ಬೇಡ ಅಂದ್ರಲ್ಲ ಟೀಚರ್."

"ನಾನೇನೂ ಅನ್ನಲಿಲ್ಲ."

ಹುಡುಗಿ ತಬ್ಬಿಬ್ಬಾದಳು. ಚೀಟಿ ಮತ್ತೆ ಓದಿದಳು. ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ಮೊದಲು ತಂದದ್ದೇ ಸರಿಯಾಗಿತ್ತು. ಎರಡನೆಯದರ ಪ್ರಮಾಣ ಅಣ್ಣನಿಗೆ ಬರೆದುಕೊಟ್ಟದ್ದಕ್ಕಿಂತ ತುಂಬಾ ಹೆಚ್ಚಿನದು. "ನನಗೆ ಗೊತ್ತಿತ್ತು ಟೀಚರ್, ಆದ್ರೂ..." ಎನ್ನುತ್ತ ಮೊದಲಿನ ಪಟ್ಟಿಯನ್ನು ಮುಂದೆ ತಳ್ಳಿದಳು.

ಅತ್ತಿಗೆ ಅವಳನ್ನು ಬೈಯಲಿಲ್ಲ. ತಲೆ ಸವರಿ, ಸರಿಯಾದ ಪಟ್ಟಿ ತೆಗೆದುಕೊಂಡು ಹೊರಟರು. ಮನೆಯ ಮೆಟ್ಟಿಲ ಹತ್ತಿರ ನಿಂತು, "ನನ್ನ ಹತ್ರ ಕಲಿತ ಉಳಿದವರೆಲ್ಲ ಈಗ ಎಲ್ಲೆಲ್ಲಿ ಯಾರ್ಯಾರ ಮುಖ ನೋಡ್ತಾ ಕೂತಿದಾರೋ" ಎಂದರು. ನನಗೆ ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಪರೀಕ್ಷೆಯ ಬೆಳಿಗ್ಗೆ ಮೋಡ ಕವಿದಿತ್ತು. ಸೀಲ್ ಒಡೆದು ಪತ್ರಿಕೆ ಹಂಚಿದೆ. ಕಿಟಕಿಯಾಚೆ, ಮೊಗಸಾಲೆಯಲ್ಲಿ, ದೊಡ್ಡ ಸರ್ ಹಾಕಿಸಿದ್ದ ಕುರ್ಚಿ ಕೋಣೆಯ ಕಡೆ ಮುಖ ಮಾಡಿ ಖಾಲಿ ನಿಂತಿತ್ತು. ಪಕ್ಕದ ಸ್ಟೂಲಿನ ಮೇಲೆ ನೀರಿನ ಜಗ್ಗು. ಮೂರನೇ ಕ್ಲಾಸಿಗೆ ಅವತ್ತು ರಜೆ ಕೊಟ್ಟಿದ್ದರಿಂದ ಅತ್ತಿಗೆಗೆ ಬೇರೆ ಕೆಲಸವಿರಲಿಲ್ಲ. ಎಲ್ಲಿದ್ದಾರೆ ಎಂದೂ ಗೊತ್ತಿರಲಿಲ್ಲ.

ಮೊದಲ ಪುಟ ಹೇಗೋ ಸಾಗಿತು. ಎರಡನೆಯ ಪುಟಕ್ಕೆ ಬರುತ್ತಿದ್ದಂತೆ ತಲೆಗಳು ಏಳತೊಡಗಿದವು. ನನ್ನ ಮುಖ ನೋಡಿದರು. ಅಲ್ಲಿ ಏನೂ ಇರಲಿಲ್ಲ, ಯಾವತ್ತೂ ಇಲ್ಲವಂತಲ್ಲ. ಕಿಟಕಿ ನೋಡಿದರು, ಖಾಲಿ ಕುರ್ಚಿ ನೋಡಿದರು. ಕತ್ತು ಉಳುಕಿಸಿಕೊಂಡಿದ್ದ ಹುಡುಗ ಪೆನ್ಸಿಲ್ ಕೆಳಗಿಟ್ಟುಬಿಟ್ಟ. ಒಬ್ಬಳ ತುಟಿ ನಡುಗಿತು. ಒಬ್ಬರು ಅತ್ತರೆ ಮುಗಿಯಿತು, ಅಳು ಬೆಂಚಿನಿಂದ ಬೆಂಚಿಗೆ ಹಬ್ಬುತ್ತದೆ. ಬಾಯಿ ತೆರೆದು ಒಂದು ಮಾತು ಹೇಳುವಂತಿಲ್ಲ.

ಆಗ ಅತ್ತಿಗೆ ಬಂದರು. ಇಡೀ ಕ್ಲಾಸು ಕಿಟಕಿಯ ಕಡೆ ತಿರುಗಿತು. ಎಷ್ಟೋ ದಿನದಿಂದ ಸಿಗದಿದ್ದ ಮುಖ ಅದು. ಅವರು ಕುರ್ಚಿಯ ಹತ್ತಿರ ನಿಂತು ಮಕ್ಕಳನ್ನು ಒಮ್ಮೆ ನೋಡಿದರು. ಕೂರಬೇಡಿ ಅತ್ತಿಗೆ ಎಂದು ಮನಸ್ಸು ಕೂಗುತ್ತಿತ್ತು. ಕೂತರೆ ಶಾಲೆ ಉಳಿಯುತ್ತದಲ್ಲ ಎಂದು ಅದೇ ಮನಸ್ಸು ಇನ್ನೊಂದು ಕಡೆಯಿಂದ ಎಳೆಯುತ್ತಿತ್ತು.

ಅತ್ತಿಗೆ ಕುರ್ಚಿಯ ಬೆನ್ನು ಹಿಡಿದು ಎತ್ತಿದರು. ತಿರುಗಿಸಿ ಇಟ್ಟರು. ನಮ್ಮ ಕಡೆ ಬೆನ್ನು ಮಾಡಿ ಕೂತುಬಿಟ್ಟರು.

ಕಿಟಕಿಯಲ್ಲಿ ಕಾಣುತ್ತಿದ್ದದ್ದು ಅವರ ತಲೆಯ ಹಿಂಭಾಗ, ಕಟ್ಟಿದ ಕೂದಲು, ಅಣ್ಣ ಹೊಲಿದ ನೀಲಿ ಕೋಟಿನ ಭುಜ. ಮಕ್ಕಳು ಆ ಬೆನ್ನನ್ನು ತುಂಬಾ ಹೊತ್ತು ನೋಡಿದರು. ಅವರು ಅಲ್ಲೇ ಇದ್ದರು, ಎದ್ದು ಹೋಗಲಿಲ್ಲ, ತಿರುಗಲೂ ಇಲ್ಲ. ಗಿಣಿ ಮೊದಲು ತಲೆ ತಗ್ಗಿಸಿದಳು. ಆಮೇಲೆ ಇನ್ನೊಬ್ಬ, ಇನ್ನೊಬ್ಬಳು. ಪೆನ್ಸಿಲ್ ಕೆಳಗಿಟ್ಟವನು ಅದನ್ನು ಮತ್ತೆ ಎತ್ತಿಕೊಂಡ.

ಸ್ವಲ್ಪ ಹೊತ್ತಿಗೆ ದೊಡ್ಡ ಸರ್ ಬೂಟು ಸದ್ದು ಮೊಗಸಾಲೆಯಲ್ಲಿ ಕೇಳಿ ಬಂದು ಕುರ್ಚಿಯ ಹತ್ತಿರ ನಿಂತಿತು.

"ಮೇಡಂ, ಕುರ್ಚಿ ಕಿಟಕಿ ಕಡೆ ತಿರುಗಿತ್ತಲ್ಲ," ಎಂದು ಪಿಸುಗುಟ್ಟಿದರು.

"ಕಣ್ಣಿಗೆ ಬಿಸಿಲು ಹೊಡೀತಿತ್ತು ಸರ್."

"ಬಿಸಿಲೆಲ್ಲಿದೆ ಮೇಡಂ?"

ಆ ಹೊತ್ತಿಗೆ ಹುಬ್ಬು ಎಲ್ಲಿಯವರೆಗೆ ಹೋಗಿತ್ತೋ, ನೋಡಿದವರು ದೊಡ್ಡ ಸರ್ ಒಬ್ಬರೇ. ಬೂಟು ಸದ್ದು ನಿಧಾನವಾಗಿ ಹಿಂದಕ್ಕೆ ಹೋಯಿತು.

ನಾನು ಬೆಂಚುಗಳ ನಡುವೆ ಓಡಾಡಿದೆ. ಒಬ್ಬ ಬೆರಳು ಮಡಚುತ್ತಿದ್ದ, ಒಬ್ಬಳು ಪತ್ರಿಕೆಯ ಅಂಚಿನಲ್ಲಿ ಗೆರೆ ಎಳೆದು ಎಣಿಸುತ್ತಿದ್ದಳು. ಗಿಣಿ ಒಂದು ಪ್ರಶ್ನೆಗೆ ಸಿಕ್ಕಿಹಾಕಿಕೊಂಡಿದ್ದಳು. ಇಣುಕಿದೆ: ಒಂದು ಉದ್ದನೆಯ ಹಲಗೆಯನ್ನು ಕೊಯ್ದು ಆರು ತುಂಡು ಮಾಡಬೇಕು, ಒಂದು ಸಲ ಕೊಯ್ಯಲು ಎರಡು ನಿಮಿಷ ಬೇಕು, ಒಟ್ಟು ಎಷ್ಟು ನಿಮಿಷ? ಆರೆರಡಲಿ ಹನ್ನೆರಡು, ಇದೇನು ಮಹಾ ಎಂದುಕೊಂಡೆ. ಅವಳು ವೃತ್ತಕ್ಕೆ ಪೆನ್ಸಿಲ್ ತಾಗಿಸದೆ ತನ್ನ ಉದ್ದನೆಯ ರಬ್ಬರನ್ನು ಕೈಗೆತ್ತಿಕೊಂಡು ಉಗುರಿನಿಂದ ಗೀರತೊಡಗಿದಳು. ಹೊತ್ತಾಗುತ್ತಿದೆ, ಇದಕ್ಕೆ ಆಟ ಎಂದು ನನಗೆ ಸಿಟ್ಟು ಬಂತು. ಮುಖದಲ್ಲಿ ಏನೂ ಬರಲಿಲ್ಲ, ದೇವರು ದೊಡ್ಡವನು.

ಗಂಟೆ ಹೊಡೆಯಿತು. ಪತ್ರಿಕೆಗಳನ್ನು ಕವರಿಗೆ ಹಾಕಿ ಅಂಟಿಸುವಷ್ಟರಲ್ಲಿ ಮಕ್ಕಳು ಮೊಗಸಾಲೆಗೆ ನುಗ್ಗಿ ಅತ್ತಿಗೆಯನ್ನು ಮುತ್ತಿಕೊಂಡಿದ್ದರು. ಅತ್ತಿಗೆ ಈಗ ಅವರ ಕಡೆಗೇ ತಿರುಗಿ ಕೂತಿದ್ದರು. ಕೆನ್ನೆ ಒದ್ದೆಯಾಗಿತ್ತು, ಬೆನ್ನು ಮಾಡಿ ಕೂತು ಏನು ಮಾಡುತ್ತಿದ್ದರೆಂದು ಆಗ ತಿಳಿಯಿತು. ಗಿಣಿ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದಳು.

"ಟೀಚರ್, ಹಲಗೆ ಲೆಕ್ಕ. ಆರು ತುಂಡು, ಒಂದು ಸಲ ಕೊಯ್ಯೋಕೆ ಎರಡು ನಿಮಿಷ. ನಾನು ಹತ್ತು ನಿಮಿಷ ಅಂತ ತುಂಬಿದೆ."

ಅತ್ತಿಗೆ ಪಾಪ, ಏನೂ ಅನ್ನಲಿಲ್ಲ. ಹುಬ್ಬು ಅಂದಿತು. ಮೆಲ್ಲಗೆ ಎದ್ದು ಹಣೆಯ ಅರ್ಧಕ್ಕೆ ಹೋಗಿ ನಿಂತಿತು. ನಾನು ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿಕೊಂಡೆ. ಇಷ್ಟು ದಿನದ ಪಾಡು ಈ ಒಂದು ಗಳಿಗೆಯಲ್ಲಿ ಮಣ್ಣುಪಾಲಾಯಿತು, ಮಗು ಈಗ ಅಳುತ್ತದೆ ಎಂದುಕೊಂಡೆ.

ಗಿಣಿ ಹುಬ್ಬನ್ನು ನೋಡಿದಳು. ಚೆನ್ನಾಗಿಯೇ ನೋಡಿದಳು.

"ಹುಬ್ಬು ತಪ್ಪು ಟೀಚರ್," ಎಂದಳು.

ಅವಳು ಜೇಬಿನಿಂದ ರಬ್ಬರು ತೆಗೆದು ಅತ್ತಿಗೆಯ ಅಂಗೈಯಲ್ಲಿಟ್ಟಳು. ಅಡ್ಡಡ್ಡಲಾಗಿ ಉಗುರಿನ ಗೀರುಗಳು. "ಇಲ್ಲಿ ಎಣಿಸಿ. ಗೀರು ಐದು. ತುಂಡು ಎಣಿಸಿ, ಆರು. ಕೊನೇ ತುಂಡು ಕೊಯ್ಯಬೇಕಾಗಿಲ್ಲ, ಅದು ತಾನೇ ಉಳಿಯುತ್ತೆ."

ಅತ್ತಿಗೆ ಬೆರಳಿಟ್ಟು ಗೀರು ಎಣಿಸಿದರು. ತುಂಡು ಎಣಿಸಿದರು. ಮತ್ತೊಮ್ಮೆ ಗೀರು ಎಣಿಸಿದರು. ಹುಬ್ಬು ಇಳಿಯಿತು. ಆಮೇಲೆ ಆ ಮಗುವನ್ನು ಬಾಚಿ ಎದೆಗವಚಿಕೊಂಡು ಅತ್ತುಬಿಟ್ಟರು, ಇಡೀ ಕ್ಲಾಸಿನ ಮುಂದೆ. "ಎಲ್ರೂ ನೋಡಿದ್ರಲ್ಲ, ನನ್ನ ಹುಬ್ಬಿಗೆ ಹಲಗೆ ಕೊಯ್ಯೋಕೆ ಬರಲ್ಲ" ಎಂದು ಅಳುತ್ತಲೇ ನಕ್ಕರು. ನಾನೂ ಹನ್ನೆರಡೇ ಅಂದುಕೊಂಡಿದ್ದೆ ಎಂದು ಯಾರಿಗೂ ಹೇಳಲಿಲ್ಲ. ಆ ಕುರ್ಚಿ ಕಿಟಕಿಯ ಕಡೆ ತಿರುಗಿದ್ದರೆ ಇಡೀ ಕ್ಲಾಸು ಶಿಸ್ತಾಗಿ ಹನ್ನೆರಡು ತುಂಬುತ್ತಿತ್ತು.

ಫಲಿತಾಂಶ ಬರಲು ತಿಂಗಳು ಹಿಡಿಯಿತು. ಅಷ್ಟು ದಿನ ನಮ್ಮ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಉಣ್ಣಲಿಲ್ಲ. ನೆಮ್ಮದಿಯ ಊಟ ನಡೆದದ್ದು ಗಿಣಿಯ ಮನೆಯಲ್ಲಿ ಮಾತ್ರ. ಅಲ್ಲಿ ಅತ್ತಿಗೆ ಮಾತು ಕೊಟ್ಟಂತೆ ಹೋಗಿ ಎದುರಿಗೆ ಕೂತು ಉಣ್ಣಿಸಿ ಬಂದಿದ್ದರು. ಕೊನೆಗೆ ಬಂತು. ಮೇಲಿನ ಸ್ಥಾನವೆಲ್ಲ ಹೋಗಿತ್ತು. ಗೆರೆಯ ಮೇಲೆ, ಒಂದು ಕೂದಲೆಳೆಯಷ್ಟು ಮೇಲೆ, ನಾವಿದ್ದೆವು. ಶಾಲೆ ಈ ವರ್ಷಕ್ಕೆ ಉಳಿಯಿತು. ಮುಂದಿನ ವರ್ಷದ ಮಾತು ಮುಂದಿನ ವರ್ಷ. ಇಷ್ಟು ಕೆಳಗಿಳಿದ ಕ್ಲಾಸು ನಮಗೆ ಬೇಡ ಎಂದು ಒಂದೆರಡು ಮನೆಯವರು ಮಕ್ಕಳನ್ನು ಬಿಡಿಸಿಕೊಂಡೂ ಹೋದರು. ಅತ್ತಿಗೆ ಅವರಿಗೆ ಏನೂ ವಿವರಿಸಲಿಲ್ಲ.

ಯಾವ ಪ್ರಶ್ನೆಗೆ ಯಾರು ತಪ್ಪಿದರು ಎಂಬ ವಿವರ ಹಿಡಿದು ದೊಡ್ಡ ಸರ್ ಸ್ಟಾಫ್ ರೂಮಿಗೆ ಬಂದರು. ಶಾಲೆ ಉಳಿದ ಸಂತೋಷ ಅವರಿಗಿತ್ತು, ಆದರೂ ಮೊಸರಲ್ಲಿ ಕಲ್ಲು ಹುಡುಕದೆ ಇರಲಾರರು.

"ನೋಡಿ ಮೇಡಂ, ಶಿಸ್ತೇ ಇಲ್ಲ. ಒಬ್ಬೊಬ್ಬರು ಒಂದೊಂದು ಕಡೆ ತಪ್ಪಿದಾರೆ. ಒಬ್ಬರ ತಪ್ಪು ಇನ್ನೊಬ್ಬರ ಹಾಗಿಲ್ಲ."

ಅತ್ತಿಗೆ ಆ ಹಾಳೆಯನ್ನು ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. "ಹೌದು ಸರ್," ಎಂದರು, "ಈ ಸಲ ತಪ್ಪುಗಳೂ ಅವರದೇ." ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಹುಬ್ಬು ತನ್ನ ಜಾಗದಲ್ಲೇ ಇತ್ತು, ಮೂಗಿನ ಹೊಳ್ಳೆ ಅರಳಿತ್ತು.